ಸುಪ್ರಿಯಾಳ ಸರ್ವೀಸ್

ಅಘನಾಶಿನಿಯ ಸುಪ್ರಿಯಾ ಕುಮಟೆಯ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಲಿಫ್ಟರ್. ಅವಳು ಎತ್ತಿಕೊಟ್ಟ ಚೆಂಡನ್ನು ಕಣ್ಣು ಮುಚ್ಚಿ ಹೊಡೆದರೂ ಎದುರಿನವರ ಅಂಗಳದಲ್ಲೇ ಬೀಳುತ್ತದೆ ಎಂದು ಗೆಳತಿ ಸಣ್ಣಿ ಹೇಳುವುದುಂಟು. ಸಣ್ಣಿ ತಂಡದ ಸ್ಮ್ಯಾಷರ್. ಸುಮ್ಮಸುಮ್ಮನೆ ಹೊಗಳುವ ಪೈಕಿಯವಳಲ್ಲ.

ಇಂಥ ಹುಡುಗಿಗೆ ಹೋದ ವರ್ಷ ಹೊನ್ನಾವರದಲ್ಲಿ ಪೆಟ್ಟು ಬಿತ್ತು. ಜಿಲ್ಲಾ ಫೈನಲ್, ಮೂರನೇ ಸೆಟ್, ಹದಿಮೂರು–ಹದಿನಾಲ್ಕು. ಸರ್ವೀಸ್ ಸುಪ್ರಿಯಾಳದ್ದು. ಚೆಂಡು ನೆಟ್ಟಿಗೆ ಬಡಿದು ಅವಳ ಕಡೆಗೇ ಉರುಳಿತು. ಪಂದ್ಯ ಹೋಯಿತು. ಅಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತೇನೋ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ನಗುವ ಮುಖಗಳ ಸಾಲು ಅಂಟಿಸಿ ಸ್ಟೇಟಸ್ ಹಾಕಿದರು. ಸಂಜೆಯೊಳಗೆ ಅದು ಮೂರು ತಾಲೂಕು ಸುತ್ತಿ ಅವಳ ಫೋನಿಗೇ ಬಂತು.

ಅಂದಿನಿಂದ ಸರ್ವೀಸ್ ಗೆರೆಯ ಹಿಂದೆ ನಿಂತರೆ ಸಾಕು, ಬಲಗೈ ತನ್ನದಲ್ಲ ಅನ್ನಿಸತೊಡಗಿತು. ಬೆರಳು ತಣ್ಣಗಾಗುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ತಂಡದಿಂದ ತೆಗೆದಾರು ಎಂಬ ಭಯ. ವಾಲಿಬಾಲ್ ಇಲ್ಲದ ಸುಪ್ರಿಯಾ ಎಂದರೆ ಯಾರು ಎನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಹೇಳಿಕೊಂಡದ್ದು ಊರು ಕಾಯುವ ದೇವರು ಜಟಗನ ಕಲ್ಲಿನ ಮುಂದೆ ಮಾತ್ರ. ಮೊದಲು ಒಂದು ಕಾಯಿಯ ಹರಕೆ. ಆ ವಾರ ಚೆಂಡು ನೆಟ್ಟು ದಾಟಿತು. ಮುಂದಿನ ವಾರ ದಾಟಲಿಲ್ಲ. ಶನಿವಾರದ ಉಪವಾಸ ಶುರುವಾಯಿತು, ಆಮೇಲೆ ಸೋಮವಾರದ್ದು, ಶುಕ್ರವಾರದ್ದು, ಕೊನೆಗೆ ಬುಧವಾರದ್ದೂ ಸೇರಿತು. ಹೊಳೆದಂಡೆಯಲ್ಲಿ ಹುಟ್ಟಿದ ಹುಡುಗಿ ಮೀನನ್ನೇ ಬಿಟ್ಟಳು. ಹರಕೆ ಬೆಳೆದಷ್ಟೂ ಕೈ ಬಿಗಿಯಿತು. ಚೆಂಡು ನೆಟ್ಟಿಗೆ ಬಿದ್ದಾಗಲೆಲ್ಲ, ದೇವರಿಗೂ ತಾನು ಬೇಡವಾದೆ ಎಂದೇ ಅವಳು ತಿಳಿದುಕೊಂಡಳು.

ದಸರಾ ರಜೆ ಮುಗಿದ ಮೇಲಿನ ಬುಧವಾರ ಅಭ್ಯಾಸದ ನಡುವೆ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟಳು. ಆಟ ಕಲಿಸುವ ವಿಶ್ವನಾಥ ಸರ್ ಆಸ್ಪತ್ರೆಗೆ ಕರೆದೊಯ್ದರು. ಗ್ಲೂಕೋಸ್ ಮುಗಿದ ಮೇಲೆ ಡಾಕ್ಟರು ಅವಳನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಬುಧವಾರಕ್ಕೊಮ್ಮೆ ಆಪ್ತಸಮಾಲೋಚಕಿ ಶ್ರೀಗೌರಿ ಕೂರುತ್ತಿದ್ದರು. ಅವರು ಬುದ್ಧಿ ಹೇಳಲಿಲ್ಲ. ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಾದರು. ಒಂದು ವರ್ಷದ ಕಥೆ ಅರ್ಧ ಗಂಟೆಯಲ್ಲಿ ಹೊರಬಿತ್ತು.

"ಹೆದರಿಕೆ ಹೋದ ಮೇಲೆ ಸರ್ವೀಸ್ ಹಾಕ್ತೇನೆ ಅಂತ ಕಾಯಬೇಡ," ಎಂದರು ಶ್ರೀಗೌರಿ. "ಹೆದರಿಕೆ ಇರುವಾಗಲೇ ನಿನ್ನಿಂದ ಆಗುವ ಸರ್ವೀಸ್ ಯಾವುದು?"

"ಕೆಳಗಿಂದ ಹೊಡೆಯೋದು ಮೇಡಂ. ಐದನೇ ಕ್ಲಾಸಿನವರು ಹಾಕ್ತಾರಲ್ಲ, ಹಾಗೆ. ಆದರೆ ಎಲ್ಲರೂ ನಗ್ತಾರೆ."

"ಅವರು ನಕ್ಕರೆ ಎದುರಿನವರಿಗೆ ಪಾಯಿಂಟ್ ಸಿಗ್ತದಾ?"

ಸುಪ್ರಿಯಾಳಿಗೆ ನಗು ಬಂತು. ತಾನು ನಕ್ಕು ಎಷ್ಟು ದಿನವಾಗಿತ್ತು ಎಂಬುದೂ ಆಗಲೇ ನೆನಪಾಯಿತು. ಉಸಿರು ನಿಧಾನವಾಗಿ ಬಿಡುವುದನ್ನು ಕಲಿಸಿ, ಪ್ರತಿ ಬುಧವಾರ ಬರಬೇಕೆಂದು ಹೇಳಿ ಅವರು ಕಳಿಸಿಕೊಟ್ಟರು.

ಮನೆಯಲ್ಲಿ ಅಜ್ಜಿ ಹೊನ್ನಮ್ಮ ಕಾಯುತ್ತಿದ್ದಳು. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ತುಂಬಿದ ಬುಟ್ಟಿ ಹೊತ್ತು ಬದುಕು ಸವೆಸಿದವಳು. ಜಟಗನಿಗೆ ದಿನಾ ದೀಪ ಹಚ್ಚುವವಳೂ ಅವಳೇ. ಈ ಸಲ ಸುಪ್ರಿಯಾ ಅವಳಿಂದ ಏನನ್ನೂ ಮುಚ್ಚಿಡಲಿಲ್ಲ.

"ಮೀನು ಬಿಡು, ಊಟ ಬಿಡು ಅಂತ ಜಟಗ ನಿನ್ನ ಕನಸಲ್ಲಿ ಬಂದು ಹೇಳಿದ್ನನೆ?"

"ಇಲ್ಲ ಅಜ್ಜಿ."

"ಮತ್ತೆ ಎಂತಕ್ಕೆ ಅವನ ತಲೆ ಮೇಲೆ ಹಾಕ್ತೆ? ನಿನ್ನ ಅಜ್ಜ ದೋಣಿ ಮಗುಚಿ ಹೋದ. ದೇವರು ನನ್ನ ಕೈ ಬಿಟ್ಟ ಅಂತ ನಾ ಮೂಲೆಯಲ್ಲಿ ಕೂತಿದ್ರೆ ನಿನ್ನ ಅಪ್ಪನ್ನ ಸಾಕೂದು ಯಾರಾಗಿತ್ತು? ಹದಿನಾಲ್ಕನೇ ದಿನ ಅದೇ ನೀರಿಗೆ ಇಳಿದೆ. ಅವ ಜೊತೆಗೆ ಇರ್ತ ಮಗಾ. ನಮ್ಮ ಕೆಲಸ ಅವ ಮಾಡಿಕೊಡೂದಿಲ್ಲ, ನಾವು ಸೋತ್ರೆ ಎದ್ದು ಹೋಗೂದೂ ಇಲ್ಲ. ಆತು, ಈಗ ಕೈ ತೊಳ್ಕ."

ಬಳಚಿನ ಸಾರಿನ ಪರಿಮಳಕ್ಕೆ ಸುಪ್ರಿಯಾ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮರುದಿನ ತಂಡದವರನ್ನೆಲ್ಲ ಕೂರಿಸಿ ಮುಚ್ಚುಮರೆಯಿಲ್ಲದೆ ಹೇಳಿದಳು: "ನಂಗೆ ಸರ್ವೀಸ್ ಹಾಕುವಾಗ ಕೈ ನಡುಗ್ತದೆ. ಒಂದು ವರ್ಷದಿಂದ."

ಸಣ್ಣಿಗೆ ಸಿಟ್ಟು ಬಂತು. "ಒಂದು ವರ್ಷ! ನಮಗೆ ಹೇಳೂಕೆ ಎಂತ ಆಗಿತ್ತೆ ನಿಂಗೆ?" ಎಂದು ಬೆನ್ನಿಗೊಂದು ಗುದ್ದಿ, ಅದೇ ಕೈಯಲ್ಲಿ ತಬ್ಬಿಕೊಂಡಳು.

"ನಿನ್ನ ಸರ್ವೀಸಿಗೆ ಬದಲಿಯವರನ್ನು ಇಳಿಸೋಣ," ಎಂದರು ಸರ್.

"ಬೇಡ ಸರ್. ನಾನೇ ಹಾಕ್ತೇನೆ. ಕೆಳಗಿಂದ." ಸರ್ ಚೆಂಡುಗಳ ಚೀಲವನ್ನೇ ಅವಳ ಮುಂದೆ ಸುರುವಿದರು.

ಈ ಸಲದ ಜಿಲ್ಲಾ ಪಂದ್ಯ ಭಟ್ಕಳದಲ್ಲಿ. ಫೈನಲ್ ಅಲ್ಲಿಯವರ ಜೊತೆಗೇ. ಸುಪ್ರಿಯಾ ಮೊದಲ ಸಲ ಕೆಳಗಿಂದ ಹೊಡೆದಾಗ ಜನರ ನಡುವಿಂದ "ಅಂಗನವಾಡಿ ಸರ್ವೀಸ್!" ಎಂಬ ಕೂಗು ಬಂತು. ಕೂಗು ಕಿವಿಗೆ ಬಿತ್ತು, ಎದೆಗೆ ಇಳಿಯಲಿಲ್ಲ. ಚೆಂಡು ಸೂರ್ಯನ ಎತ್ತರಕ್ಕೆ ಏರಿ, ಕಡಲ ಗಾಳಿಗೆ ಓಲಾಡಿ, ಕಣ್ಣು ಕಿರಿದು ಮಾಡಿ ನಿಂತ ಇಬ್ಬರ ನಡುವೆ ಧೊಪ್ಪನೆ ಬಿತ್ತು. ಎರಡನೆಯದೂ ಹಾಗೆಯೇ. ಕೂಗಿದವರು ಚಪ್ಪಾಳೆ ಹೊಡೆದರು. ಮೊದಲ ಸೆಟ್ ಕುಮಟೆಗೆ ಬಂತು. ಎರಡನೆಯದು ಭಟ್ಕಳಕ್ಕೆ ಹೋಯಿತು.

ಮೂರನೆಯದರಲ್ಲಿ ಹನ್ನೆರಡು–ಹನ್ನೊಂದರಿಂದ ಮುಂದಿದ್ದಾಗ ಸರ್ವೀಸ್ ಮತ್ತೆ ಸುಪ್ರಿಯಾಳ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ, ಅವಳೇ ನಿಶ್ಚಯಿಸಿದಳು. ದಿನಾ ಬೆಳಿಗ್ಗೆ ಐವತ್ತರಂತೆ ಅಭ್ಯಾಸ ಮಾಡಿದ್ದ, ತಲೆಯ ಮೇಲಿಂದ ಹೊಡೆಯುವ ಸರ್ವೀಸನ್ನು ಇವತ್ತಲ್ಲದೆ ಇನ್ನು ಯಾವತ್ತು? ಉಸಿರು ಬಿಟ್ಟಳು, ಚೆಂಡು ಎಸೆದಳು, ಹೊಡೆದಳು.

ನೆಟ್ಟು.

ಸುತ್ತ ಹೋ ಎಂದರು. ಎರಡು ಮೂರು ಮೊಬೈಲು ಮೇಲೆದ್ದವು. ಬೆರಳು ತಣ್ಣಗಾದವು, ಎದೆ ಹೊಡೆದುಕೊಂಡಿತು, ಎಲ್ಲ ಅದೇ. ಆದರೆ ಈ ಸಲ ಅವಳು ನೆಲ ನೋಡಲಿಲ್ಲ. ನೆಟ್ಟಿನಡಿಯಿಂದ ಚೆಂಡನ್ನು ಎದುರಿನವರ ಕಡೆ ಉರುಳಿಸಿ, "ನನ್ನದೇ ತಪ್ಪು ಕಾಣ್ರೇ. ಮುಂದಿನ ಚೆಂಡು ನಂಗೆ ಕೊಡಿ!" ಎಂದು ತನ್ನವರಿಗೆ ಕೂಗಿದಳು.

ಎದುರಿನ ಸರ್ವೀಸನ್ನು ಹಿಂದಿನವಳು ಹೇಗೋ ಎತ್ತಿದಳು. ಚೆಂಡು ಅಂಗಳದಾಚೆ ಹೋಗುವುದರಲ್ಲಿತ್ತು. ಸುಪ್ರಿಯಾ ಓಡಿ, ತಿರುಗಿಯೂ ನೋಡದೆ ತಲೆಯ ಹಿಂದಕ್ಕೆ ಎತ್ತಿ ಬಿಟ್ಟಳು. ಸಣ್ಣಿ ಅಲ್ಲಿರುತ್ತಾಳೆಂದು ಅವಳಿಗೆ ಗೊತ್ತಿತ್ತು. ಸಣ್ಣಿ ಇದ್ದಳು. ಆಮೇಲಿನದು ಹೆಚ್ಚು ಹೊತ್ತಿನ ಕೆಲಸವಾಗಿರಲಿಲ್ಲ: ಹದಿನೈದು–ಹದಿಮೂರು, ಕುಮಟೆ ಗೆದ್ದಿತು.

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಭಟ್ಕಳ ತಂಡದ ನಾಯಕಿ ಪಕ್ಕಕ್ಕೆ ಬಂದು ನಿಂತಳು. ತಲೆಗೆ ಕಪ್ಪು ಸ್ಕಾರ್ಫ್ ಬಿಗಿದಿದ್ದ ಎತ್ತರದ ಹುಡುಗಿ.

"ಆ ಸರ್ವೀಸ್ ನೆಟ್ಟಿಗೆ ಹೋದಾಗ ನಿಂಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತಲ್ಲ. ಈಗಲೂ ನೋಡು," ಎಂದು ಸುಪ್ರಿಯಾ ತಣ್ಣಗಿನ ಬೆರಳನ್ನು ಅವಳ ಅಂಗೈಯಲ್ಲಿಟ್ಟಳು.

ಹುಡುಗಿ ಆ ಬೆರಳನ್ನು ಹಿಡಿದುಕೊಂಡೇ ಹೇಳಿದಳು: "ಪಂದ್ಯದ ಹಿಂದಿನ ದಿನ ನಂಗೆ ಊಟ ಸೇರೋದಿಲ್ಲ. ದುಆ ಮಾಡ್ತೇನೆ, ಆದ್ರೂ ಹಾಗೇ ಆಗ್ತದೆ. ನನ್ನ ನಂಬಿಕೆಯೇ ಕಡಿಮೆ ಅಂತ ಕಾಣ್ತದೆ."

"ಕಡಿಮೆ ಅಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ದೇವರ ಹತ್ರ ಹೇಳು. ಜೊತೆಗೆ ಒಬ್ಬರು ಮನುಷ್ಯರ ಹತ್ರವೂ ಹೇಳು."

ಬಸ್ಸು ಹಾರ್ನ್ ಹಾಕಿತು. ಕಿಟಕಿಯಿಂದ ಸಣ್ಣಿ ಕೂಗತೊಡಗಿದಳು. "ಬಂದೆ, ಒಂದು ನಿಮಿಷ!" ಎಂದು ಸುಪ್ರಿಯಾ ಒದ್ದೆ ಕೈಯನ್ನು ಜೆರ್ಸಿಗೆ ಒರೆಸಿಕೊಂಡು ಆ ಹುಡುಗಿಯ ಫೋನ್ ತೆಗೆದುಕೊಂಡು, ತನ್ನ ನಂಬರು ಒತ್ತತೊಡಗಿದಳು.