ಹದಿನೇಳಕ್ಕೆ ಹುಟ್ಟಲ್ಲ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದವರನ್ನು ಜನ ಆಡಿಕೊಂಡು ನಗುತ್ತಾರೆ. ನಮ್ಮ ಬಸ್ ಕಂಡಕ್ಟರಮ್ಮನ ಮಾವ ಅಂಥವರನ್ನೂ ಮೀರಿಸಿದ ಆಸಾಮಿ. ಕುಲಾವಿ ಯಾವ ಲೆಕ್ಕ? ಅವರು ಕೂಸಿನ ಹುಟ್ಟಿದ ದಿನಕ್ಕೆ ಬೀದಿಯವರನ್ನೆಲ್ಲ ಕರೆದು, ಬೇಕರಿಯಲ್ಲಿ ಕೇಕಿಗೂ ಹೇಳಿ ಬಂದುಬಿಟ್ಟಿದ್ದರು. ಕೂಸು ಮಾತ್ರ ಇನ್ನೂ ಹೊಟ್ಟೆಯೊಳಗೆ ಆರಾಮಾಗಿ ಕಾಲು ಚಾಚಿಕೊಂಡಿತ್ತು. ಅದಕ್ಕೆ ಯಾರೂ ಹೇಳಿರಲಿಲ್ಲ.

ಮಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ಮರದ ಪುಡಿ, ಗಾಜು ಕೊಯ್ಯುವಾಗಿನ ಹಲ್ಲು ಜುಮ್ಮೆನ್ನಿಸುವ ಸದ್ದು. ಬಲಗಡೆ ಗೋಡೆ ಗಿರಾಕಿಗಳದು: ಮದುವೆ ಜೋಡಿಗಳು, ತೀರಿಹೋದ ಅಜ್ಜಂದಿರು, ಪದವಿ ಟೋಪಿ ಹಾಕಿದ ಹುಡುಗಿಯರು. ಎಡಗಡೆ ಗೋಡೆ ಮಾವನ ಸ್ವಂತದ್ದು. ಅಲ್ಲೊಬ್ಬ ಪೈಲ್ವಾನ, ಪಿಟೀಲು ಹಿಡಿದ ಹೆಂಗಸು, ಕೆದರಿದ ಗಡ್ಡದ ವಿಜ್ಞಾನಿ, ಯಾವುದೋ ದೇಶ ಆಳಿದ ಮುದುಕ, ಮಂಜಿನ ಬೆಟ್ಟ ಹತ್ತಿ ಮೂಗು ಕಳಕೊಂಡವನು, ಎಲ್ಲರ ಬಾಯಲ್ಲೂ ಇರುವ ಒಬ್ಬ ಸಿನಿಮಾ ನಾಯಕ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರೆಲ್ಲ ಒಂದೇ ಥರದ ಚಿನ್ನದ ಬಣ್ಣದ ಕಟ್ಟಿನೊಳಗೆ ಕೂತಿದ್ದರು. ನಟ್ಟನಡುವೆ, ಬಾಡಿಗೆ ಕೋಟು ಹಾಕಿಕೊಂಡು, ಮಾವ.

"ಇವರೆಲ್ಲ ನಿಮಗೆ ಏನಾಗ್ಬೇಕು?" ಅಂತ ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗೀತು, ಮಾವ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು.

"ನಾವೆಲ್ಲ ಒಂದೇ ದಿನ ಹುಟ್ಟಿದೋರು ಸ್ವಾಮಿ. ತಿಂಗಳೂ ಒಂದೇ, ತಾರೀಖೂ ಒಂದೇ, ಹದಿನೇಳು. ಆ ತಾರೀಖಿನಲ್ಲಿ ಏನೋ ಇದೆ."

ಏನಿದೆಯೋ ಆ ತಾರೀಖಿಗೇ ಗೊತ್ತು. ಕಂಡಕ್ಟರಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ತಡೆಯಲಾರದೆ ಅಂದಿದ್ದಳು, "ನಮ್ಮ ಡಿಪೋ ಮ್ಯಾನೇಜರೂ ಹದಿನೇಳಕ್ಕೇ ಹುಟ್ಟಿದ್ದು ಮಾವ. ರಜೆ ಕೇಳಿದ್ರೆ ನಾಯಿ ಥರ ಮೈಮೇಲೆ ಬರ್ತಾನೆ. ಅವನದೂ ಒಂದು ಹಾಕಿ." ಮಾವ ಎರಡು ದಿನ ಸೊಸೆಯ ಹತ್ತಿರ ಮಾತಾಡಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಅವರು.

ಅವಳ ಗಂಡನೂ ಅದೇ ಹದಿನೇಳಕ್ಕೇ ಹುಟ್ಟಿದವನು. ಮಾವನ ಹೆಮ್ಮೆಗೆ ಅದು ದೊಡ್ಡ ಆಧಾರ. ಅಪ್ಪ ಕತ್ತರಿಸುವ ಕೇಕಿನ ಇನ್ನೊಂದು ತುದಿ ಕತ್ತರಿಸಿಕೊಂಡೇ ಅವನು ಬೆಳೆದಿದ್ದ. ಈಗ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಿದ್ದ. ಸುಟ್ಟ ಮೋಟಾರಿನ ಎದುರು ಧೈರ್ಯವಂತ, ಅಪ್ಪನ ಎದುರು ಬಾಯಿ ಇಲ್ಲದವನು. ಸೊಸೆ ಬಸುರಿ ಅಂತ ಗೊತ್ತಾದ ದಿನ ಮಾವ ಬೆರಳು ಮಡಚಿ ತಿಂಗಳು ಎಣಿಸಿದರು, ಮುಖ ಅರಳಿತು. "ಮೂರು ತಲೆಮಾರು, ಒಂದೇ ತಾರೀಖು! ಪೇಪರಿನವನಿಗೆ ಹೇಳ್ತೀನಿ." ಆಮೇಲೆ ಆಸ್ಪತ್ರೆಯಲ್ಲಿ ಸರಿಯಾದ ಲೆಕ್ಕ ಸಿಕ್ಕಿತು. ಹೆರಿಗೆ ಆ ಹದಿನೇಳರ ತಿಂಗಳಲ್ಲಲ್ಲ, ಅದರ ಮುಂದಿನ ತಿಂಗಳು. ಮಾವನ ಮುಖ ಇಷ್ಟೇ ಇಷ್ಟಾಯಿತು.

ಆದರೂ ಅವರು ಬಿಡುವ ಕುಳ ಅಲ್ಲ. ಆಪರೇಷನ್ ಅಂತ ಒಂದಿದೆಯಲ್ಲ!

ಡಾಕ್ಟರ ಕೋಣೆಗೆ ಮೂವರೂ ಹೋದರು. ಮಾವ ಮುಂದೆ, ಗಂಡ ಹಿಂದೆ, ಹೊಟ್ಟೆ ಹೊತ್ತವಳು ಎಲ್ಲರಿಗಿಂತ ಹಿಂದೆ. ಡಾಕ್ಟರು ನಗುಮುಖದವರು. ಮಾವ ವಿಷಯ ಎತ್ತಿದ ಕೂಡಲೇ, ಇದೇನು ಹೊಸದಲ್ಲ ಅನ್ನುವ ಹಾಗೆ ತಲೆ ಆಡಿಸಿದರು. "ಹದಿನೇಳಕ್ಕಾ? ಆ ಸಿನಿಮಾ ನಾಯಕನ ಹುಟ್ಟಿದ ದಿನ ಅಂತ ಆಗಲೇ ಕೆಲವರು ಹೇಳಿಟ್ಟಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಒಂದು ಜಾಗ ಖಾಲಿ ಇದೆ."

ಕಂಡಕ್ಟರಮ್ಮನಿಗೆ ಕಿವಿಯಲ್ಲಿ ಬಿಸಿ ನೀರು ಹೊಯ್ದ ಹಾಗಾಯಿತು. ಸಿನಿಮಾ ಟಿಕೇಟು ಕೊಡುವ ಹಾಗೆ ಮಾತಾಡ್ತಾರಲ್ಲ!

"ಡಾಕ್ಟ್ರೇ, ನನಗೇನಾದ್ರೂ ತೊಂದರೆ ಇದೆಯಾ?"

"ಇಲ್ಲಮ್ಮ, ಎಲ್ಲ ಚೆನ್ನಾಗಿದೆ."

"ಮಗುವಿಗೆ?"

"ಅದೂ ಗಟ್ಟಿಯಾಗಿದೆ."

"ಈಗಲೇ ತೆಗೆದ್ರೆ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಸ್ವಲ್ಪ ಬೇಗ ಆಗುತ್ತೆ. ಕೆಲವು ಮಕ್ಕಳಿಗೆ ಉಸಿರಾಟಕ್ಕೆ ಕಷ್ಟ ಆಗಬಹುದು. ಹಾಗಾದ್ರೆ ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ನೋಡ್ಕೋತೀವಿ. ಗಾಬರಿ ಪಡೋ ಅಂಥದ್ದೇನಿಲ್ಲ."

"ಗಾಜು ತಾನೇ," ಅಂದರು ಮಾವ, ತಮಗೆ ಗೊತ್ತಿರುವ ವಸ್ತು ಅನ್ನುವ ಧೈರ್ಯದಲ್ಲಿ.

"ಚೆನ್ನಾಗಿ ಓಡ್ತಿರೋ ಗಾಡೀನ ಯಾರಾದ್ರೂ ಗ್ಯಾರೇಜಿಗೆ ಹಾಕ್ತಾರಾ ಡಾಕ್ಟ್ರೇ?" ಅಂದು ಕಂಡಕ್ಟರಮ್ಮ ಎದ್ದು ನಿಂತಳು. "ನಾನು ಒಪ್ಪಲ್ಲ. ಹದಿನೇಳಕ್ಕೂ ಇಲ್ಲ, ಹದಿನೆಂಟಕ್ಕೂ ಇಲ್ಲ. ನೋವು ಬಂದ ದಿನ ಬರ್ತೀನಿ."

ಮಾವ ಡಾಕ್ಟರ ಕಡೆ ನೋಡಿ, ಚಿಕ್ಕವಳು, ಭಯ, ಸರಿಹೋಗುತ್ತೆ ಅನ್ನುವ ಥರ ಕೈ ಆಡಿಸಿದರು. ಹತ್ತು ಗಂಟೆಯ ಜಾಗ ಹಾಗೇ ಉಳಿಯಿತು.

ಮನೆಗೆ ಬಂದಮೇಲೆ ಶುರುವಾಯಿತು ಮಾವನ ಪೂಸಿ. ತಾಯಿ ಅಂದರು, ಬಂಗಾರ ಅಂದರು. ಅದಕ್ಕೂ ಅವಳು ಬಗ್ಗದಾಗ ಮೂರು ಹೊತ್ತೂ ಹದಿನೇಳರದೇ ರಾಗ. ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. "ಅಪ್ಪ ಎಷ್ಟು ಆಸೆ ಇಟ್ಕೊಂಡಿದ್ದಾರೆ ನೋಡು. ಡಾಕ್ಟ್ರೂ ಏನೂ ಆಗಲ್ಲ ಅಂದ್ರಲ್ಲ" ಅಂತ ಒಂದು ಸಂಜೆ ಮೆಲ್ಲಗೆ ತೆಗೆದ.

"ಗಾಬರಿ ಬೇಡ ಅಂದ್ರು. ಏನೂ ಆಗಲ್ಲ ಅನ್ನಲಿಲ್ಲ. ಎರಡಕ್ಕೂ ವ್ಯತ್ಯಾಸ ಇದೆ ರೀ."

"ಒಂದು ತಾರೀಖಿಗೆ ಇಷ್ಟೊಂದು ಹಟ ಯಾಕೆ?"

"ನಾನೂ ಅದನ್ನೇ ಕೇಳ್ತಿರೋದು! ಅದನ್ನ ಹೋಗಿ ನಿಮ್ಮಪ್ಪನ್ನ ಕೇಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ, ಹುಚ್ಚು ಅವರಿಗೆ, ಕುಯ್ಯೋದು ನನ್ನ ಹೊಟ್ಟೆನಾ?" ಅಂದಳು. ಅಳು ಬಂತು. ಅಳುವುದಕ್ಕೂ ಸಿಟ್ಟು ಬಂತು. ಗಂಡ ನೀರು ತಂದುಕೊಟ್ಟು, ಅವಳ ಕಾಲು ಒತ್ತುತ್ತಾ ಕೂತ. ಒಳ್ಳೆಯವನೇ. ಒಳ್ಳೆಯತನ ಕಾಲು ಒತ್ತುವುದಕ್ಕೆ ಸಾಕಾಗುತ್ತಿತ್ತು, ಅಪ್ಪನಿಗೆ ಎದುರು ಹೇಳುವುದಕ್ಕೆ ಸಾಲುತ್ತಿರಲಿಲ್ಲ.

ಅತ್ತೆ ಇದಕ್ಕೆಲ್ಲ ಒಂದು ಮಾತೂ ಸೇರಿಸಲಿಲ್ಲ. ಕಟ್ಟುಗಳ ಹಿಂಬದಿಗೆ ಕಂದು ಕಾಗದ ಅಂಟಿಸುವುದು ಅವರ ಕೆಲಸ. ಮದುವೆಯಾದಾಗಿನಿಂದ ಅಂಟಿಸುತ್ತಲೇ ಇದ್ದರು. ಗಂಡನ ಮಾತು ಶುರುವಾದರೆ ಅವರ ಕುಂಚ ಇನ್ನಷ್ಟು ಜೋರಾಗಿ ಓಡುತ್ತಿತ್ತು, ಅಷ್ಟೇ. ಇವರೂ ಅವರ ಕಡೆಯವರೇ ಅಂತ ಸೊಸೆ ತೀರ್ಮಾನ ಮಾಡಿಬಿಟ್ಟಿದ್ದಳು.

ಹದಿನೇಳು ಬೆಳಗಾಯಿತು. ಮಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಅಂಗಡಿಯ ಬಾಗಿಲಿಗೆ ಬಣ್ಣದ ಕಾಗದ ಕಟ್ಟಿದರು. ಎದುರುಮನೆ ದರ್ಜಿ ಬಂದ, ನಿವೃತ್ತ ಮೇಷ್ಟ್ರು ಬಂದರು, ಔಷಧಿ ಅಂಗಡಿಯವನು ಹೆಂಡತಿ ಸಮೇತ ಬಂದ. ಪೇಪರಿನವನು ಕ್ಯಾಮೆರಾ ನೇತುಹಾಕಿಕೊಂಡು, ಬಂದವನೇ ಕುರ್ಚಿ ಹಿಡಿದ. ಬಾಗಿಲಲ್ಲಿ ಬಾಡಿಗೆ ಕಾರು ನಿಂತಿತ್ತು. ಜನ ಸೇರಿದರೆ ಸೊಸೆ ಮರ್ಯಾದೆಗೆ ಅಂಜಿ ಹತ್ತಿ ಕೂರುತ್ತಾಳೆ ಅನ್ನುವುದು ಮಾವನ ಲೆಕ್ಕಾಚಾರ. ಪಾಪ, ತುಂಬಿದ ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಆಡುವವಳಿಗೆ ಜನ ಅಂದರೆ ಎಲ್ಲಿಯ ಅಂಜಿಕೆ?

"ಹೊರಡಮ್ಮ, ಹೊತ್ತಾಯ್ತು," ಅಂದರು ಮಾವ, ಎಲ್ಲರಿಗೂ ಕೇಳುವ ಹಾಗೆ.

ಕಂಡಕ್ಟರಮ್ಮ ಹಿಂದಿನ ಮನೆಯಿಂದ ಬಂದಳು. ಸ್ಟೂಲೊಂದನ್ನು ಅಂಗಡಿಯ ನಡುವಿಗೆ ಎಳೆದುಕೊಂಡು, ಎರಡೂ ಕೈ ಹೊಟ್ಟೆಯ ಮೇಲಿಟ್ಟು, ಗಟ್ಟಿಯಾಗಿ ಕೂತಳು.

"ನಾನು ಬರಲ್ಲ ಮಾವ. ಎಲ್ಲರೂ ಬಂದಿದ್ದೀರಿ, ಒಳ್ಳೇದಾಯ್ತು, ಕೇಳಿಸಿಕೊಳ್ಳಿ. ಇಷ್ಟು ವರ್ಷ ಸರ್ವಿಸ್ ಮಾಡಿದ್ದೀನಿ. ಅವರವರ ಸ್ಟಾಪ್ ಬರೋ ಮುಂಚೆ ಯಾರನ್ನೂ ಬಸ್ಸಿಂದ ಕೆಳಗೆ ತಳ್ಳಿದೋಳಲ್ಲ. ಸ್ವಂತ ಮಗೂನ ತಳ್ತೀನಾ?"

ದರ್ಜಿ ಕಿಸಕ್ಕನೆ ನಕ್ಕ. ಮಾವ ತಿರುಗಿ ನೋಡಿದ ನೋಟಕ್ಕೆ ನಗು ನುಂಗಿಕೊಂಡ.

"ನಾಲ್ಕು ಜನರ ಮುಂದೆ ಮಾನ ಕಳೀತೀಯಾ?" ಅಂದರು ಮಾವ. "ಜೀವಮಾನವೆಲ್ಲ ಬೇರೆಯವರ ಮುಖಕ್ಕೆ ಕಟ್ಟು ಹಾಕಿದೆ. ನಮ್ಮ ಮನೆಯದೂ ಒಂದು ಮುಖ ನಾಲ್ಕು ಜನ ತಲೆ ಎತ್ತಿ ನೋಡೋ ಹಾಗಾಗಲಿ ಅಂದ್ಕೊಂಡೆ. ಅದು ತಪ್ಪಾ?"

ಅವಳಿಗೆ ಅವರ ಮೇಲೆ ಮರುಕ ಬಂತು, ನಿಜಕ್ಕೂ ಬಂತು. ಆದರೆ ಮರುಕ ಬಂತು ಅಂತ ಹೊಟ್ಟೆ ಕೊಯ್ಸಿಕೊಳ್ಳಕ್ಕಾಗುತ್ತಾ? "ಆಸೆ ತಪ್ಪಲ್ಲ ಮಾವ. ಅದನ್ನ ಇದರ ತಲೆ ಮೇಲೆ ಹೊರಿಸೋದು ತಪ್ಪು. ಇದರ ಉಸಿರು ಇನ್ನೂ ಬಲೀಬೇಕು."

"ಏನಾಗುತ್ತೆ ಉಸಿರಿಗೆ? ಇಲ್ಲೇ ನಿಂತಿದ್ದಾನಲ್ಲ ನನ್ನ ಮಗ! ಹದಿನೇಳಕ್ಕೆ ಹುಟ್ಟಿದೋನು! ಏನಾಗಿದೆ ಇವನಿಗೆ?"

"ಹದಿನಾರು."

ಯಾರು ಹೇಳಿದ್ದು ಅಂತ ಎಲ್ಲರೂ ಅತ್ತಿತ್ತ ನೋಡಿದರು. ಮೂಲೆಯಲ್ಲಿ ಅತ್ತೆ ಅಂಟಿನ ಕುಂಚ ಕೆಳಗಿಟ್ಟಿದ್ದರು.

"ಏನಂದೆ?" ಅಂದರು ಮಾವ.

"ಹದಿನಾರು ಅಂದೆ. ಇವನು ಹುಟ್ಟಿದ್ದು ಹದಿನಾರನೇ ತಾರೀಖು, ಮಧ್ಯಾಹ್ನ. ಹೊರಗೆ ಶಾಲೆ ಬಿಟ್ಟು ಮಕ್ಕಳು ಗಲಾಟೆ ಮಾಡ್ತಿದ್ರು. ನೀವು ಸಂಜೆ ಬಂದ್ರಿ, ನಾಳೆ ಹುಟ್ಟಿದ್ದು ಅಂತ ಬರೆಸ್ತೀನಿ, ಯಾರಿಗೂ ಹೇಳ್ಬೇಡ ಅಂದ್ರಿ. ಹಸಿ ಬಾಣಂತಿ, ಎದ್ದು ಕೂರೋಕೂ ಶಕ್ತಿ ಇರಲಿಲ್ಲ. ಹೂಂ ಅಂದೆ."

ಪೇಪರಿನವನು ಕ್ಯಾಮೆರಾವನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡ. ಮಾವನ ಕಿವಿ ಕೆಂಪಾದವು. "ಒಂದು ದಿನ... ಒಂದು ದಿನ ಆಚೆ ಈಚೆ ಆದ್ರೆ ಏನು ಮಹಾ?"

"ಹೌದಲ್ವಾ?" ಅಂದರು ಅತ್ತೆ. "ಏನು ಮಹಾ? ಹಾಗಾದ್ರೆ ಇವಳನ್ನ ಯಾಕೆ ಗೋಳು ಹೊಯ್ಕೋತೀರಿ? ಅದು ಬಂದ ದಿನ ಬರಲಿ ಬಿಡಿ."

ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು.

ಮಗ ಅಮ್ಮನನ್ನೇ ನೋಡುತ್ತಿದ್ದ. ಮೂವತ್ತು ದಾಟಿದ ಗಂಡಸು, ಬಾಗಿಲ ಹತ್ತಿರ, ಕಾರಿಗೆ ಇಡಬೇಕಾಗಿದ್ದ ಬಟ್ಟೆಯ ಚೀಲ ಹಿಡಿದು ನಿಂತಿದ್ದ. "ಅಂದ್ರೆ ನಿನ್ನೆ ನನ್ನ ಹುಟ್ಟಿದ ದಿನ ಆಗಿತ್ತಾ ಅಮ್ಮ?"

"ಹೂಂ ಕಣಪ್ಪ."

"ನಿನ್ನೆ ನಾನು ಇಡೀ ದಿನ ಅವರ ಮನೆ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದೆ," ಅಂದ, ಔಷಧಿ ಅಂಗಡಿಯವನ ಕಡೆ ಕೈ ತೋರಿಸಿ. ಅವನಿಗೆ ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. "ಒಂದು ಸಲವೂ ಹೇಳಲಿಲ್ಲವಲ್ಲ ನೀನು."

"ಧೈರ್ಯ ಇರಲಿಲ್ಲಪ್ಪ. ಇವಳು ಸ್ಟೂಲು ಹಾಕ್ಕೊಂಡು ಕೂತಳಲ್ಲ, ಅದನ್ನ ನೋಡಿ ಬಂತು."

ಅವನು ಚೀಲವನ್ನು ಒಳಗೆ ಹೋಗಿ ಇಟ್ಟು ಬಂದ. ಬಂದವನು ಸೀದಾ ಅಪ್ಪನ ಎದುರು ನಿಂತ. ಹಾಗೆ ನಿಂತಿದ್ದು ಅದೇ ಮೊದಲು. "ಅಪ್ಪ, ನನ್ನ ದಿನ ನೀವು ತಗೊಂಡ್ರಿ. ಆಯ್ತು, ಹೋಗಲಿ. ನನ್ನ ಮಗುವಿನದು ಕೊಡಲ್ಲ. ಆಸ್ಪತ್ರೆಗೆ ನಾನೇ ಫೋನ್ ಮಾಡಿ ಬೇಡ ಅಂತೀನಿ. ಕಾರನ್ನೂ ಕಳಿಸ್ತೀನಿ." ಹೇಳಿದ ಹಾಗೆ ಮಾಡಿಯೂ ಮಾಡಿದ. ಕೇಕು ಬಂದಿತ್ತು. ಸುಮ್ಮನೆ ಹಾಳಾಗುತ್ತೆ ಅಂತ ಅತ್ತೆಯೇ ಕತ್ತರಿಸಿ, ಮೊದಲ ತುಂಡನ್ನು ಮಗನಿಗೆ ಕೊಟ್ಟರು. ಒಂದು ದಿನ ತಡ, ಅಷ್ಟೇ ತಾನೇ. ಮಾವ ತಿನ್ನಲಿಲ್ಲ. ಗಾಜು ಕೊಯ್ಯುತ್ತಾ ಕೂತರು, ಅವತ್ತು ಎರಡು ಹಾಳೆ ಒಡೆದರು.

ಹೆಣ್ಣು ಮಗು ಬಂತು ಮುಂದಿನ ತಿಂಗಳು, ತನ್ನಷ್ಟಕ್ಕೆ ತಾನೇ, ಒಂದು ಮಧ್ಯಾಹ್ನ. ಗಟ್ಟಿ ಉಸಿರು. ಅದರ ಕಿರುಚಾಟಕ್ಕೆ ಪಕ್ಕದ ವಾರ್ಡಿನವರೂ ಇಣುಕಿ ನೋಡಿದರು. "ಕಂಡಕ್ಟರ್ ಗಂಟಲೇ ಬಂದಿದೆ," ಅಂದಳು ನರ್ಸು. ಗಂಡ ಮಗುವನ್ನು ಹೇಗೆ ಹಿಡಿಯಬೇಕೆಂದು ಗೊತ್ತಾಗದೆ, ಬಿದ್ದರೆ ಒಡೆಯುವ ಸಾಮಾನು ಹಿಡಿದವನ ಹಾಗೆ ನಿಂತಿದ್ದ. ಅತ್ತೆ ಅವನ ಮೊಣಕೈ ಸರಿಮಾಡಿದರು.

ಸಂಜೆ ಮಾವ ಬಂದರು. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಕೆಮ್ಮಿ, ಒಳಗೆ ಬಂದರು. ಮಗುವಿನ ಮುಖ ನೋಡಿದರು. ಬೆರಳು ಕೊಟ್ಟರು, ಮಗು ಹಿಡಿಯಿತು. ಅವರ ಕಣ್ಣು ತುಂಬಿತು. ಅಲ್ಲಿಗೆ ಸುಮ್ಮನಾದರೆ ಅವರು ಮಾವ ಹೇಗಾದಾರು?

"ಇವತ್ತು ಎಷ್ಟು, ಐದು ಅಲ್ವಾ?" ಅಂದರು. "ನಾನು ಹುಡುಕಿ ನೋಡಿದೆ. ಐದಕ್ಕೂ ಒಬ್ಬರು ಬಹಳ ದೊಡ್ಡ..."

"ರೀ," ಅಂದರು ಅತ್ತೆ.

"ಅಲ್ಲ ಕಣೇ, ಸುಮ್ಮನೆ ಹೇಳ್ದೆ. ದೊಡ್ಡ ಮನುಷ್ಯರು ಹುಟ್ಟಿದ ದಿನ ಇದು..."

ಕಂಡಕ್ಟರಮ್ಮ ದಿಂಬಿಗೆ ಒರಗಿ ಮಗುವನ್ನು ಎದೆಗೆ ತೆಗೆದುಕೊಂಡಳು. ಮೈ ನೋಯುತ್ತಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಯಾರು ಬೇಕಾದ್ರೂ ಹುಟ್ಟಿರಲಿ ಮಾವ. ಇವತ್ತಿಂದ ಅವರೆಲ್ಲ ನನ್ನ ಮಗಳು ಹುಟ್ಟಿದ ದಿನ ಹುಟ್ಟಿದೋರು."