ಗದ್ದ ಸ್ವಲ್ಪ ಮೇಲೆ

ಮೊಳೆ ಮೊದಲೇ ಹೊಡೆದಾಗಿತ್ತು. ಎಡವಟ್ಟಾಗಿದ್ದು ಅಲ್ಲೇ. ರಜೆಗೆ ಹೊರಡುವ ಹಿಂದಿನ ದಿನ ಫೋಟೊಗ್ರಾಫರ್ ತನ್ನ ಸ್ಟುಡಿಯೋದ ಗೋಡೆಗೆ ಢಣಢಣ ಮೊಳೆ ಹೊಡೆದು, ಬಂದ ಗಿರಾಕಿಗಳಿಗೆಲ್ಲ ಬೆರಳು ತೋರಿಸಿ, "ವಾಪಸ್ ಬಂದ್ಮೇಲೆ ನೋಡಿ, ಇಲ್ಲಿ ಕಾಡುಪ್ರಾಣಿ ಫೋಟೊ ಇರುತ್ತೆ" ಎಂದು ಡಂಗುರ ಸಾರಿದ್ದ. ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನೇ ತೆಗೆದು ಸಾಕಾಗಿತ್ತು, ಪಾಪ. ತಾನಾಗಿ ಬಂದು ಸ್ಟೂಲಿನ ಮೇಲೆ ಕೂರದ ಒಂದೇ ಒಂದು ಜೀವವನ್ನಾದರೂ ತೆಗೆಯಬೇಕೆಂಬುದು ಅವನ ಆಸೆ. ಹುಲಿ ಚಿರತೆಯೇನೂ ಬೇಡ, ಅಂಗೈಯಗಲದ್ದಾದರೂ ಸಾಕು.

ರಜೆಗೆಂದು ಹೆಂಡತಿ, ಮಗಳ ಜೊತೆ ಬಂದು ಕಾಡಂಚಿನಲ್ಲಿ ಬಾಡಿಗೆಗೆ ಹಿಡಿದ ಮನೆಯ ಹಿತ್ತಲಿಗೆ ಸಣ್ಣ ಪ್ರಾಣಿಗಳೇನೋ ಧಾರಾಳವಾಗಿ ಬಂದವು. ಮೊದಲ ದಿನ ಮೊಲ. ಅವನು ಹೊಟ್ಟೆಯ ಮೇಲೆ ತೆವಳಿ, ಉಸಿರು ಬಿಗಿಹಿಡಿದು, ಕ್ಯಾಮೆರಾ ಎತ್ತಿ, "ಗದ್ದ ಸ್ವಲ್ಪ ಮೇಲೆ... ರೆಡೀ!" ಎಂದು ಗಟ್ಟಿಯಾಗಿ ಅಂದುಬಿಟ್ಟ. ಮೊಲ ಕಾಲಿಗೆ ಬುದ್ಧಿ ಹೇಳಿತು. ಎರಡನೇ ದಿನ ಅಳಿಲಿಗೂ ಅದೇ ಮಾತು, ಅದೇ ಗತಿ. ಸ್ಟೂಲಿನ ಮೇಲೆ ಕೂತವರಿಗೆಲ್ಲ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು ಬಿಡು ಅಂದರೆ ಬಿಟ್ಟೀತೇ?

"ಅಪ್ಪಾ, ಮೊಲಕ್ಕೆ ಯಾಕಪ್ಪ ಪಾಸ್‌ಪೋರ್ಟು? ಯಾವ ದೇಶಕ್ಕೆ ಹೋಗುತ್ತೆ ಅದು?" ಎಂದು ರಾತ್ರಿ ಊಟಕ್ಕೆ ಕೂತಾಗ ಮಗಳು ಬಿದ್ದು ಬಿದ್ದು ನಕ್ಕಳು.

ಅವನು ನಗಲಿಲ್ಲ. "ಆ ಮೊಳೆಗೆ ಕ್ಯಾಲೆಂಡರ್ ನೇತುಹಾಕಿದ್ರಾಯ್ತು ಬಿಡು" ಎಂದು ತಟ್ಟೆ ಸರಿಸಿ ಎದ್ದುಹೋದ. ಹೆಂಡತಿ ಆ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು. ಇಷ್ಟು ವರ್ಷವೂ ಸ್ಟುಡಿಯೋದ ಕೌಂಟರಿನಲ್ಲಿ ಕೂತು ಫೋಟೊ ಕತ್ತರಿಸಿ ಕವರಿಗೆ ಹಾಕಿದವಳು ಅವಳೇ. ಗಂಡನ ಮುಖ ಯಾವಾಗ ಅಷ್ಟು ಸಣ್ಣದಾಗುತ್ತದೆಂದು ಅವಳಿಗೆ ಗೊತ್ತು.

ಕೊನೆಯ ದಿನ ಬೆಳಿಗ್ಗೆ, ಹೊರಡಲು ಇನ್ನೊಂದೇ ಗಂಟೆ ಇದೆ ಎನ್ನುವಾಗ, ಹಿತ್ತಲಿನ ಕಲ್ಲುಗೋಡೆಯ ಮೇಲೆ ಮುಂಗುಸಿಯೊಂದು ಕಾಣಿಸಿತು. ಹೆಂಡತಿ ತಡಮಾಡಲಿಲ್ಲ. ಗಂಡನ ಬಾಯಿಗೆ ಎರಡು ಪೆಪ್ಪರಮಿಂಟ್ ತುರುಕಿ, "ರೀ, ತುಟಿ ಬಿಚ್ಚಿದ್ರೆ ನೋಡಿ ಮತ್ತೆ" ಎಂದು ಪಿಸುಗುಟ್ಟಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

ಬಾಯೇನೋ ಮುಚ್ಚಿತು. ಅದರ ಜೊತೆ ಬೆರಳೂ ನಿಂತುಹೋಯಿತಲ್ಲ! ಆ ಮಾತು ಕೇಳದೆ ಅದು ಬಟನ್ ಒತ್ತಿದ್ದೇ ಇಲ್ಲ, ಮೂವತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಮುಂಗುಸಿ ತಲೆ ತಗ್ಗಿಸಿ ಕಲ್ಲಿನ ಸಂದಿ ಮೂಸುತ್ತಿದೆ, ಇವನು ಬೆವರುತ್ತಿದ್ದಾನೆ. ಇನ್ನೇನು ಅದು ಗೋಡೆಯ ಆಚೆಗೆ ಇಳಿಯಬೇಕು.

ಆಗ ಅವನ ಕಿವಿಯ ಹತ್ತಿರ ಹೆಂಡತಿ ಮೆಲ್ಲಗೆ, "ಗದ್ದ ಸ್ವಲ್ಪ ಮೇಲೆ... ರೆಡೀ" ಎಂದಳು.

ಮುಂಗುಸಿ ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಿಂತು, ಗದ್ದ ಎತ್ತಿ, ನೇರವಾಗಿ ಇತ್ತಲೇ ನೋಡಿತು. ಕ್ಲಿಕ್! ಮರುಕ್ಷಣ ಗೋಡೆಯ ಮೇಲೆ ಏನೂ ಇರಲಿಲ್ಲ.

ಅವಳು ಕ್ಯಾಮೆರಾ ಇಸಿದುಕೊಂಡು ನೋಡಿ, ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ, "ಎರಡು ಕಿವಿನೂ ಕಾಣ್ತಿದೆ. ಪಾಸಾಗುತ್ತೆ" ಎಂದಳು. ಅವನು ಇಣುಕಿ ನೋಡಿದ, ಮತ್ತೊಮ್ಮೆ ನೋಡಿದ. ಕಣ್ಣು ಒದ್ದೆಯಾಗಿದ್ದು ಪೆಪ್ಪರಮಿಂಟಿನ ಖಾರಕ್ಕೆ ಎಂದು ಆಮೇಲೆ ಮಗಳಿಗೆ ಹೇಳಿದ. ಅವಳು ನಂಬಲಿಲ್ಲ.

ಈಗ ಮುಂಗುಸಿ ಆ ಮೊಳೆಯ ಮೇಲಿದೆ. ಫೋಟೊದ ಕೆಳಗೆ, ತೆಗೆದವರ ಹೆಸರು ಇರಬೇಕಾದ ಜಾಗದಲ್ಲಿ, ಅವನೇ ಕೈಯಾರೆ ಬರೆದಿದ್ದಾನೆ: "ಬೆರಳು ನನ್ನದು, ಮಾತು ನನ್ನ ಹೆಂಡತಿಯದು."