ತಗ್ಗು ಬಾಗಿಲು

"ತಲೆ ಕಡೆ ಎತ್ತು, ತಲೆ ಕಡೆ! ಅಯ್ಯೋ ನಿನ್ನ, ಯಾವುದು ತಲೆ ಯಾವುದು ಕಾಲು ಅಂತನೂ ತಿಳಿಯಲ್ವೇನೋ?"

ಹೆಣ ಹೊರುವ ಜನಾಜದ ಮಂಚ ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಬಿದ್ದಿತ್ತು. ಮುಂದಿನ ಕಾಲುಗಳು ಮೆಟ್ಟಿಲ ಕಂಬಿಗೆ ಸಿಕ್ಕಿದ್ದವು, ಹಿಂದಿನವು ಗೋಡೆಗೆ. ಹೊತ್ತ ಆರು ಜನರಲ್ಲಿ ಅರವತ್ತರ ಕೆಳಗಿನವರು ಇಬ್ಬರೇ. ಸತ್ತವನ ಬಾಲ್ಯದ ಗೆಳೆಯ ಜುರಾಕುಲ್ ಅಜ್ಜ ಕೆಳಗಿನ ಮೆಟ್ಟಿಲಲ್ಲಿ ನಿಂತು, ಲಾರಿಯನ್ನು ಹಿಂದಕ್ಕೆ ತೆಗೆಸುವವನ ಹಾಗೆ ಎರಡೂ ಕೈ ಆಡಿಸುತ್ತ ಕೂಗುತ್ತಿದ್ದ.

"ಈ ಮನೆಗಳ ನಕ್ಷೆ ಬರೆದೋನಿಗೆ, ಇಲ್ಲಿರೋರು ಒಂದಿನ ಸಾಯ್ತಾರೆ ಅಂತ ಯಾರೂ ಹೇಳೇ ಇಲ್ಲ ನೋಡು," ಅಂದ.

ಯಾರೋ ನಕ್ಕರು. ಕೂಡಲೇ ಕೆಮ್ಮಿ ಅದನ್ನು ಮುಚ್ಚಿಕೊಂಡರು.

ಕೊನೆಗೆ ತುರ್ದಿ ಅಜ್ಜನನ್ನು ಮಂಚದಿಂದ ಇಳಿಸಿ, ಕಂಬಳಿಯಲ್ಲಿ ನಾಲ್ಕು ಜನ ಹಿಡಿದು, ಖಾಲಿ ಮಂಚವನ್ನು ನೆಟ್ಟಗೆ ನಿಲ್ಲಿಸಿ ತಿರುವು ದಾಟಿಸಬೇಕಾಯಿತು. ಎಪ್ಪತ್ತೆಂಟು ವರ್ಷ ಬದುಕಿದವನು, ತನ್ನ ಒಂದು ಬಕೆಟ್ ನೀರನ್ನೂ ಇನ್ನೊಬ್ಬರಿಂದ ಹೊರಿಸಿದವನಲ್ಲ.

ಮಗ ನೊರ್ಮುರೊದ್ ನಾಲ್ಕನೇ ಮಹಡಿಯ ಬಾಗಿಲಲ್ಲೇ ನಿಂತಿದ್ದ. ನಿಲುವಂಗಿಯ ಮೇಲೆ ಸೊಂಟಕ್ಕೆ ಬಟ್ಟೆ ಬಿಗಿದಿದ್ದ. ಕೈಯಲ್ಲಿ ಹೊಸದಾಗಿ ಕಡಿದ ಹಸಿ ಕೋಲು. ನಮ್ಮ ಕಡೆ ಗಂಡುಮಕ್ಕಳು ಕೋಲೂರಿಕೊಂಡು, ಅಪ್ಪನನ್ನು ಕೂಗಿ ಅಳುತ್ತ, ಹೆಣದ ಮುಂದೆ ನಡೆಯಬೇಕು. ಬೆಳಗಿನಿಂದ ಅವನು ಕೂಗಲು ಬಾಯಿ ತೆರೆದಾಗಲೆಲ್ಲ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಅವನ ಎತ್ತರ ಎಷ್ಟೆಂದರೆ ಫ್ಲ್ಯಾಟಿನ ಬಾಗಿಲಿಗೂ ಅವನ ಟೊಪ್ಪಿಗೂ ನಡುವೆ ಮೂರು ಬೆರಳಷ್ಟೇ ಜಾಗ.

"ಯಾವ ದಾರೀಲಿ ಕರ್ಕೊಂಡು ಹೋಗ್ತೀಯ?" ಹಿಂದಿನಿಂದ ಅಮ್ಮ ಕೇಳಿದಳು. ಹಾಸಿಯತಮ್ಮನ ಕಣ್ಣು ಮೊದಲೇ ಮಂಜು. ಅತ್ತು ಅತ್ತು ಇವತ್ತು ಪೂರ್ತಿ ಮುಚ್ಚಿದ ಹಾಗಿತ್ತು.

"ದೊಡ್ಡ ರಸ್ತೇಲಮ್ಮ. ವ್ಯಾನ್ ಬಂದಿದೆ."

"ಉದ್ಯಾನದ ಒಳಗಿಂದ ಹೋಗು."

"ಅಲ್ಲಿ ಬಿಡಲ್ಲಮ್ಮ. ಕಾವಲಿನೋರಿದ್ದಾರೆ, ಪ್ರವಾಸಿಗಳಿರ್ತಾರೆ..."

"ಕೇಳ್ಕೋ. ಕೈಮುಗಿದು ಕೇಳ್ಕೋ. ಒಂಬತ್ತು ವರ್ಷದಲ್ಲಿ ನಿಮ್ಮಪ್ಪ ನಿನ್ನ ಹತ್ರ ಏನಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ನೊರ್ಮುರೊದನ ಎದೆಯಲ್ಲಿ ಕೂತಿದ್ದ ಕಲ್ಲೇ ಅದು. ಚಹಾ ಇದೆಯಾ, ಲಿಫ್ಟ್ ಕೆಟ್ಟಿದೆಯಾ, ಮಗುವಿಗೆ ಜ್ವರ ಇಳಿಯಿತಾ ಎನ್ನುವುದನ್ನು ಬಿಟ್ಟು ಅಪ್ಪ ಅವನೊಡನೆ ಒಂದು ಮಾತನ್ನೂ ಆಡಿರಲಿಲ್ಲ. ಬೈದಿರಲೂ ಇಲ್ಲ.

"ಅಪ್ಪನೇ ಹೇಳಿದ್ರಾ, ಆ ಕಡೆಯಿಂದ ಅಂತ?"

"ಹೂಂ. ಮೊನ್ನೆ."

"ಇನ್ನೇನಾದ್ರೂ ಹೇಳಿದ್ರಾ ಅಮ್ಮ? ನನ್ನ ವಿಷಯ?"

ಅಮ್ಮ ತಡವರಿಸಿಕೊಂಡು ಅವನ ಸೊಂಟದ ಗಂಟನ್ನು ಹುಡುಕಿ, ಬಿಗಿ ಮಾಡಿದಳು. "ಮನೆಯಿಂದಲೇ ಹೋಗ್ತೀನಿ ಅಂದ್ರು. ಅಷ್ಟೇ ಕಣಪ್ಪ. ನಾನು ಹೆಂಗಸು, ಅಲ್ಲಿವರೆಗೂ ಬರೋ ಹಾಗಿಲ್ಲ. ನೀನು ನೋಡ್ಕೊಂಡು ಬಂದು ನನಗೆ ಹೇಳು."

* * *

ನವ್‌ರಬೋತ್ ಊರಿಗೆ ಬರುವವರು ನೀಲಿ ಗುಮ್ಮಟ ನೋಡಲು ಬರುತ್ತಾರೆ. ಆರುನೂರು ವರ್ಷದ ಗುಮ್ಮಟ. ಅದರ ಬುಡಕ್ಕೆ ಅಂಟಿಕೊಂಡು, ಕೋಳಿಯ ರೆಕ್ಕೆಯ ಕೆಳಗಿನ ಮರಿಗಳ ಹಾಗೆ, ಕುಂಬಾರ ಮೊಹಲ್ಲಾ ಇತ್ತು. ನಲವತ್ತೊಂದು ಮಣ್ಣಿನ ಮನೆ, ಎರಡು ಓಣಿ, ಒಂದು ಬಾವಿ. ಮನೆಯವರು ಗುಮ್ಮಟವನ್ನು ನೋಡುತ್ತಿರಲಿಲ್ಲ. ಅದರ ನೆರಳು ಯಾವ ಗೋಡೆಗೆ ಬಂತು ಎಂದು ನೋಡಿ ಒಲೆ ಹಚ್ಚುತ್ತಿದ್ದರು, ಅಷ್ಟೇ.

ತುರ್ದಿಯ ಮನೆಯ ಬಾಗಿಲು ತೀರಾ ತಗ್ಗು. ಅವನ ಅಜ್ಜ ಬೇಕೆಂದೇ ಹಾಗೆ ಇಟ್ಟಿದ್ದನಂತೆ. ಯಾರೇ ಬರಲಿ, ತಲೆ ಬಗ್ಗಿಸಿ ಬರಬೇಕು. ನೊರ್ಮುರೊದ್ ಹದಿನಾಲ್ಕಕ್ಕೇ ಉದ್ದ ಬೆಳೆದು, ಹಣೆಯನ್ನು ಆ ತೊಲೆಗೆ ಎಷ್ಟು ಸಲ ಹೊಡೆದುಕೊಂಡನೋ ಲೆಕ್ಕವಿಲ್ಲ. ಹುಬ್ಬಿನ ಮೇಲೆ ಗೆರೆಯೊಂದು ಉಳಿದೇ ಹೋಯಿತು. ಅಪ್ಪ ಅಂಗಳದಲ್ಲಿ ಎಲ್ಲೇ ಇರಲಿ, ಮಗನ ಹೆಜ್ಜೆ ಸದ್ದಾದ ಕೂಡಲೇ ಕೂಗುತ್ತಿದ್ದ: "ತಲೆ, ಮಗಾ, ತಲೆ!" ಆಮೇಲೆ ಅದು ಮಗನಿಗೆ ಅಭ್ಯಾಸವಾಯಿತು. ಬಲಗೈಯನ್ನು ತೊಲೆಗೆ ಆನಿಸಿ, ಕೈಯ ಕೆಳಗೆ ತಲೆ ತೂರಿಸಿ ಒಳಗೆ ಬರುತ್ತಿದ್ದ.

ಒಂಬತ್ತು ವರ್ಷದ ಹಿಂದೆ, ತುರ್ದಿ ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ದೊಡ್ಡ ಊರಿಗೆ ಹೋಗಿದ್ದಾಗ, ಕಾಗದ ಹಿಡಿದವರು ಬಂದರು. ಗುಮ್ಮಟದ ಸುತ್ತ ಉದ್ಯಾನ ಬರುತ್ತದೆ, ನೋಡಲು ಬರುವವರಿಗೆ ಜಾಗ ಬೇಕು, ಒಪ್ಪಿದವರಿಗೆ ಹೊಸ ಫ್ಲ್ಯಾಟು, ನಲ್ಲಿಯಲ್ಲಿ ಬಿಸಿನೀರು. ಉಳಿದವರೆಲ್ಲ ತುರ್ದಿ ಏನು ಮಾಡುತ್ತಾನೋ ನೋಡೋಣ ಎಂದು ಕಾಯುತ್ತಿದ್ದರು. ನೊರ್ಮುರೊದನಿಗೆ ಮದುವೆಯಾಗಿ ಐದು ತಿಂಗಳು. ಬಸುರಿ ಹೆಂಡತಿ ಬಾವಿಯಿಂದ ನೀರು ಹೊರುತ್ತಿದ್ದಳು. ಅವನು ಸಹಿ ಹಾಕಿದ. "ತುರ್ದಿ ಮನೇಲೇ ಒಪ್ಪಿದ್ರಂತೆ" ಎಂದು ಮರುದಿನ ಇಡೀ ಓಣಿ ಸಹಿ ಹಾಕಿತು.

ನಾಲ್ಕನೇ ದಿನ ತುರ್ದಿ, ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಡತಿಯ ಕೈ ಹಿಡಿದು ಬಂದ. ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ ಬರೆದಿತ್ತು. ಅದನ್ನು ನೋಡಿದ. ಮಗನನ್ನು ನೋಡಿದ. ಆಮೇಲೆ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಬಗ್ಗಿಸಿ, "ತಲೆ," ಎಂದು ಒಳಗೆ ಕರೆದುಕೊಂಡು ಹೋದ. ಅವತ್ತು ಅವನು ಆಡಿದ್ದು ಅದೊಂದೇ ಮಾತು.

* * *

ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಗಂಡಸರು ಸಾಲುಗಟ್ಟಿದ್ದರು. ನಮಾಜು ಮುಗಿಯಿತು. ಇಮಾಮರು ಸೇರಿದವರ ಕಡೆ ತಿರುಗಿ ಕೇಳಿದರು:

"ಜನರೇ, ಈ ತುರ್ದಿ ಎಂಥ ಮನುಷ್ಯ?"

"ಒಳ್ಳೆ ಮನುಷ್ಯ!"

"ಎಂಥ ಮನುಷ್ಯ?"

"ಒಳ್ಳೆ ಮನುಷ್ಯ!"

ಮೂರನೆಯ ಸಲವೂ ಹೇಳಿಯಾದ ಮೇಲೆ ಮಗನ ಸರದಿ. ನೊರ್ಮುರೊದ್ ಮುಂದೆ ಬಂದ. "ನಮ್ಮಪ್ಪ... ಯಾರ ಮನಸ್ಸನ್ನಾದ್ರೂ ನೋಯಿಸಿದ್ರೆ, ಎಲ್ಲರೂ ಅವರನ್ನ ಕ್ಷಮಿಸಿ..." ಅಲ್ಲಿಗೆ ನಿಂತುಬಿಟ್ಟ. ಸತ್ತವನ ಪರವಾಗಿ ಬದುಕಿದವರ ಹತ್ತಿರ ಕ್ಷಮೆ ಕೇಳುವುದಕ್ಕೆ ಮಾತಿದೆ. ಬದುಕಿದವನು ಸತ್ತವನ ಹತ್ತಿರ ಕೇಳಬೇಕಾದರೆ ಏನು ಹೇಳಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ.

"ಕ್ಷಮಿಸಿದ್ವಿ, ಕ್ಷಮಿಸಿದ್ವಿ," ಎಂದಿತು ಜನ.

ವ್ಯಾನಿನವನು ಹಿಂಬಾಗಿಲು ತೆರೆದ. ನೊರ್ಮುರೊದ್ ಅತ್ತ ನೋಡಿದ. ತಲೆಯೆತ್ತಿ ನಾಲ್ಕನೇ ಮಹಡಿಯ ಕಿಟಕಿಯನ್ನು ನೋಡಿದ. ಅಮ್ಮ ಕಾಣದ ಕಣ್ಣಿನಲ್ಲಿ ಕೆಳಗೆ ನೋಡುತ್ತಿದ್ದಳು.

"ವ್ಯಾನ್ ಬೇಡ," ಅಂದ. "ಉದ್ಯಾನದ ಒಳಗಿಂದ ಹೋಗೋಣ."

ಮೊಹಲ್ಲಾದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನು ಅಲ್ಲಿಗೆ ಯಾವತ್ತಾದ್ರೂ ಹೋಗಿದೀಯೇನೋ?" ಜುರಾಕುಲ್ ಅಜ್ಜ ಮೆಲ್ಲಗೆ ಕೇಳಿದ.

"ಇಲ್ಲ ಚಿಕ್ಕಪ್ಪ. ಯಾವ ಮುಖ ಇಟ್ಕೊಂಡು ಹೋಗ್ಲಿ? ಗಿರಣಿ ಕೆಲಸಕ್ಕೂ ಸುತ್ತುಹಾಕ್ಕೊಂಡೇ ಹೋಗ್ತೀನಿ."

"ಹಾಗಾದ್ರೆ ನಡಿ," ಅಂದ ಜುರಾಕುಲ್. "ನಡಿ ಮಗಾ. ನಾವು ಹಿಂದೆ ಇದ್ದೀವಿ."

* * *

ಮನೆ ಹೋದ ಮರುವರ್ಷ ತುರ್ದಿ ಅದೇ ಉದ್ಯಾನಕ್ಕೆ ಮಾಲಿಯಾಗಿ ಸೇರಿದ್ದ. ಕುಂಬಾರನಿಗೆ ಇದೇನು ಬುದ್ಧಿ ಎಂದು ಜನ ಆಡಿಕೊಂಡರು. ಮೇಲ್ವಿಚಾರಕ ನಕ್ಷೆ ಕೊಟ್ಟ: ನೇರ ಪಾತಿಗಳು, ಒಂದೇ ಅಳತೆ. ತುರ್ದಿ ಅದನ್ನು ಮಡಚಿ ಟೊಪ್ಪಿಯೊಳಗೆ ಇಟ್ಟುಕೊಂಡು, ಗುಮ್ಮಟದ ನೆರಳನ್ನು ನೋಡುತ್ತ, ಹೆಜ್ಜೆಯಲ್ಲಿ ಅಳೆಯುತ್ತ, ಕಾಮಕಸ್ತೂರಿ ನೆಟ್ಟ.

"ಏನಜ್ಜ, ಸಾಲೆಲ್ಲ ಸೊಟ್ಟ?" ಮೇಲ್ವಿಚಾರಕ ಬೈದ.

"ಗೋಡೇನೇ ಸೊಟ್ಟಗಿತ್ತು ಸಾಹೇಬ್ರೆ, ನಾನೇನು ಮಾಡ್ಲಿ?"

ಮೊಹಲ್ಲಾದವರಿಗೆ ಅರ್ಥವಾಗಲು ಎರಡು ಬೇಸಿಗೆ ಬೇಕಾಯಿತು. ಒಂದು ಸಂಜೆ ಹಳೆಯ ನೆರೆಯವಳು ಮೊಹ್ರಾ ಅಲ್ಲಿ ಅಡ್ಡಾಡುತ್ತಿದ್ದವಳು ತಟ್ಟನೆ ನಿಂತು, ಚಪ್ಪಲಿ ಬಿಟ್ಟು, ಪುದೀನ ಪಾತಿಯ ಮುಂದೆ ಕುಸಿದು ಕೂತಳು. ಅವಳ ಅಡುಗೆಮನೆ ಅದು. ಒಲೆಯಿದ್ದ ಮೂಲೆಯಲ್ಲಿ ಕೆಂಪು ಕೋಳಿಜುಟ್ಟಿನ ಹೂ. ಮೂವರು ಹೆಣ್ಣುಮಕ್ಕಳಿದ್ದ ಮನೆಯಂಗಳದಲ್ಲಿ ಉಗುರಿಗೆ ಬಣ್ಣ ಕಟ್ಟುವ ಕರ್ಣಕುಂಡಲ. ಜುರಾಕುಲನ ಪಡಸಾಲೆಯಲ್ಲಿ ಬರೀ ಮೆಣಸಿನ ಗಿಡ. "ನಿನ್ನ ನಾಲಗೆಗೆ," ಅಂದಿದ್ದ ತುರ್ದಿ. ಗೋಡೆಗಳೆಲ್ಲ ಕಾಮಕಸ್ತೂರಿ, ಮೊಣಕಾಲೆತ್ತರ. ಬಾಗಿಲಿದ್ದಲ್ಲಿ ಎರಡು ಹೆಜ್ಜೆ ಖಾಲಿ.

ಅಲ್ಲಿಂದ ಮುದುಕರು ಸಂಜೆ ಹೊತ್ತು ಬರತೊಡಗಿದರು, ಯಾರಿಗೂ ಏನೂ ಹೇಳದೆ. ತಂತಮ್ಮ ಬಾಗಿಲಿನಿಂದಲೇ ಒಳಗೆ ಹೋಗಿ, ತಂತಮ್ಮ ಅಂಗಳದಲ್ಲಿ ಕೂತು ಚಹಾ ಕುಡಿದು ಏಳುವರು. ತುರ್ದಿಯ ಬಾಗಿಲಲ್ಲಿ ತಲೆ ಬಗ್ಗಿಸುವರು.

"ನೊರ್ಮುರೊದನಿಗೂ ತೋರ್ಸೋ," ಎಂದು ಒಮ್ಮೆ ಜುರಾಕುಲ್ ಹೇಳಿದ.

"ಬೇಡ. ನೋಡಿದ್ರೆ ತಾನೇ ಬೀಳ್ಸಿದ್ದು ಅಂತ ನೊಂದ್ಕೊಳ್ತಾನೆ. ನೀವ್ಯಾರೂ ಹೇಳ್ಬೇಡಿ."

"ಅವನ ಮೇಲೆ ಕೋಪ ಹೋಗಿಲ್ವೇನೋ ನಿಂಗೆ?"

ತುರ್ದಿ ಕಳೆ ಕೀಳುತ್ತಲೇ ಇದ್ದ. "ಕೋಪ ಯಾವತ್ತೋ ಹೋಯ್ತು. ಮಾತು ಅದರ ಜೊತೇಲೇ ಹೋಗ್ಬಿಟ್ಟಿದೆ ಕಣೋ. ಹುಡುಕಿದ್ರೂ ಸಿಕ್ತಾ ಇಲ್ಲ," ಅಂದ.

ಗುಮ್ಮಟ ನೋಡಲು ಬಂದವರು, ಯಾಕೋ ಏನೋ, ಅಲ್ಲಿ ಹತ್ತು ನಿಮಿಷ ನಿಂತರೆ ಈ ಸೊಟ್ಟ ಪಾತಿಗಳ ನಡುವೆ ಒಂದು ಗಂಟೆ ಕೂರುತ್ತಿದ್ದರು. ಅವರನ್ನು ಕರೆತರುವ ದುಭಾಷಿ ಹುಡುಗಿ ದಿಲ್‌ನವೋಜ್ ಒಮ್ಮೆ ಕೇಳಿದಳು: "ಅಜ್ಜ, ಇಷ್ಟು ದೂರದಿಂದ ಇವರೆಲ್ಲ ಯಾಕೆ ಬರ್ತಾರೆ ಅಂತೀರಾ?"

"ಸತ್ತೋರು ಕಟ್ಟಿದ್ದು ಇನ್ನೂ ನಿಂತಿದ್ಯಲ್ಲಾ ಅಂತ ನೋಡೋಕೆ ಬರ್ತಾರಮ್ಮ. ಅದು ಪುಣ್ಯದ ಇಟ್ಟಿಗೆ, ನಿಂತ್ಕೊಂಡಿದೆ. ನಂದು ಚಳಿ ಬಿದ್ರೆ ಸಾಯುತ್ತೆ. ಪ್ರತಿ ವಸಂತಕ್ಕೂ ಮನೆ ಮತ್ತೆ ಕಟ್ಬೇಕು."

* * *

ಉದ್ಯಾನದ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದು ಓಡಿ ಬಂದ. "ಮೆರವಣಿಗೆಗೆ ಅಪ್ಪಣೆ ಇಲ್ಲ, ಆ ಕಡೆಯಿಂದ—" ಅಷ್ಟರಲ್ಲಿ ಮಂಚದ ಮೇಲೆ ಹೊದಿಸಿದ್ದ ಮಾಸಿದ ಹಸಿರು ನಿಲುವಂಗಿ ಅವನ ಕಣ್ಣಿಗೆ ಬಿತ್ತು. "ತುರ್ದಿ ಅಜ್ಜನಾ?"

"ನಿನಗೆ ದಿನಾ ಚಹಾ ಕುಡಿಸ್ತಿದ್ನಲ್ಲ, ಅವನೇ," ಅಂದ ಜುರಾಕುಲ್. "ಇವತ್ತು ನೀನೇ ಒಂಚೂರು ದಾರಿ ಕುಡಿಸಪ್ಪ."

ಅವನು ಟೊಪ್ಪಿ ಸರಿಮಾಡಿಕೊಂಡು ಬಂದು ಮಂಚಕ್ಕೆ ಹೆಗಲು ಕೊಟ್ಟ. ದಾರಿಯಲ್ಲಿ ಜನಾಜ ಕಂಡವರು ಏಳು ಹೆಜ್ಜೆಯಾದರೂ ಹೊರಬೇಕು. ನಮ್ಮಲ್ಲಿ ಅದನ್ನು ಯಾರೂ ತಪ್ಪಿಸುವುದಿಲ್ಲ. ಐಸ್‌ಕ್ರೀಮ್ ಮಾರುವವನು ಡಬ್ಬಿ ಬಿಟ್ಟು ಬಂದ. ಮದುವೆಯ ಚಿತ್ರ ತೆಗೆಸಿಕೊಳ್ಳುತ್ತಿದ್ದ ವರ ಬಂದ. ಗುಮ್ಮಟದ ನೆರಳಲ್ಲಿ ದಿಲ್‌ನವೋಜ್ ತನ್ನ ಪ್ರವಾಸಿಗಳನ್ನು ನಿಲ್ಲಿಸಿಕೊಂಡು, ಬಾಯಿಗೆ ತಲೆವಸ್ತ್ರದ ಅಂಚು ಒತ್ತಿ ನಿಂತಿದ್ದಳು. ಅವರೂ, ಯಾರೂ ಹೇಳದೆಯೇ, ಕ್ಯಾಮೆರಾ ಇಳಿಸಿ ಹಿಂದೆ ನಡೆದರು.

ನೊರ್ಮುರೊದ್ ಎಲ್ಲರಿಗಿಂತ ಮುಂದೆ, ನೆಲ ನೋಡುತ್ತ ಕೋಲೂರಿ ನಡೆಯುತ್ತಿದ್ದ. ಕಾಮಕಸ್ತೂರಿಯ ಘಾಟು ಮೂಗಿಗೆ ಬಡಿಯಿತು. ಕಾಲಿಗೆ ಅಡ್ಡ ಬಂದ ಗಿಡಗಳ ಸಾಲನ್ನು ದಾಟಿ ಮುಂದೆ ಹೋದ. ಹತ್ತು ಹೆಜ್ಜೆಯ ಮೇಲೆ ಹಿಂದಿನಿಂದ ಜುರಾಕುಲ್ ಅಜ್ಜನ ಒಡೆದ ದನಿ ಕೇಳಿತು.

"ತಲೆ! ತಲೆ ಕಣ್ರೋ, ತಲೆ!"

ತಿರುಗಿ ನೋಡಿದ. ಎರಡು ಗಿಡಗಳ ನಡುವಿನ ಎರಡು ಹೆಜ್ಜೆ ಬಯಲಿನಲ್ಲಿ, ಮೇಲೆ ಬರೀ ಆಕಾಶವಿದ್ದ ಕಡೆ, ಮಂಚ ಹೊತ್ತ ಮುದುಕರು ಮೊಣಕಾಲು ಬಗ್ಗಿಸಿದ್ದರು. ಅಪ್ಪನನ್ನು ಸೊಂಟದ ಮಟ್ಟಕ್ಕೆ ಇಳಿಸಿ, ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು ಒಳಗೆ ಬಂದರು. ಕಾವಲಿನವನು ಬಗ್ಗಿದ. ಮದುವೆಯ ವರ ಬಗ್ಗಿದ. ಬಿಳಿ ಕೂದಲ ಪರದೇಶಿ ಹೆಂಗಸೊಬ್ಬಳು, ಏನೂ ಕಾಣದಿದ್ದರೂ, ಟೋಪಿ ತೆಗೆದು ಬಗ್ಗಿ ದಾಟಿದಳು.

ನೊರ್ಮುರೊದ್ ಸುತ್ತ ನೋಡಿದ. ಎಡಕ್ಕೆ ಅಮ್ಮನ ಒಲೆಯ ಜಾಗದಲ್ಲಿ ಕೆಂಪು ಹೂ. ಬಲಕ್ಕೆ, ಬೇಸಿಗೆಯಲ್ಲಿ ತಾನು ಮಲಗುತ್ತಿದ್ದ ಜಗಲಿಯ ಉದ್ದಗಲಕ್ಕೆ, ಏನನ್ನೂ ನೆಡದೆ ಗುಡಿಸಿ ಇಟ್ಟಿದ್ದ ನೆಲ. ತಲೆದಿಂಬಿನ ಕಡೆ ಒಂದೇ ಒಂದು ಗುಲಾಬಿ. ಅವನು ತುಳಿದು ಬಂದ ಕಡೆ ಗೋಡೆಯ ಎರಡು ಗಿಡ ಮುರಿದು ಬಿದ್ದಿದ್ದವು.

ಜುರಾಕುಲ್ ಅಜ್ಜ ಅವನನ್ನೇ ನೋಡುತ್ತಿದ್ದ.

ನೊರ್ಮುರೊದ್ ಕೋಲನ್ನು ಕೆಳಗಿಟ್ಟ. ಬಂದ ದಾರಿಯಲ್ಲೇ ಹೊರಗೆ ಹೋಗಿ, ಸುತ್ತು ಬಳಸಿ, ಬಾಗಿಲಿನ ಎದುರು ನಿಂತ. ಇನ್ನೊಂದು ಸಲ ಯಾರೋ ಕೂಗಲಿ ಎಂದು ಕಾಯುವವನ ಹಾಗೆ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಬಲಗೈ ಎತ್ತಿ, ಇಲ್ಲದ ತೊಲೆಗೆ ಅಂಗೈ ಆನಿಸಿ, ಕೈಯ ಕೆಳಗೆ ತಲೆ ತೂರಿಸಿ, ಅಪ್ಪನಿದ್ದ ಅಂಗಳಕ್ಕೆ ಬಂದ.